ಬರ ಕಟ್ಟಿದ ಊರು

ಯಶವಂತಪುರದಿಂದ ಚಿಕ್ಕಬಾಣಾವರ ದಾಟಿ ಹೆಸರಘಟ್ಟದ ಕಡೆ ಹೊರಟರೆ ಸಿಗುವ ಊರುಗಳ ಹೆಸರೆಲ್ಲ ನಮ್ಮ ಬಯಲುಸೀಮೆಯ ಕಿವಿಗೆ ಹೊಂದುವಂಥವೇ. ಹಳ್ಳಿ, ಪಾಳ್ಯ, ಸಂದ್ರ, ಘಟ್ಟ ಎಂದು ಮುಗಿಯುತ್ತವೆ. ನಡುವೆ ಒಂದು ಊರಿನ ಹೆಸರು ಮಾತ್ರ ಈ ಸಾಲಿಗೆ ಸೇರದೆ ನಿಲ್ಲುತ್ತದೆ: ಸಿಲುವೆಪುರ. ಇಂಗ್ಲಿಷ್ ಬೋರ್ಡು ಓದಿದವರು ಸಿಲ್ವೆಪುರ ಎನ್ನುತ್ತಾರೆ. ಅದಕ್ಕೂ ಬೆಳ್ಳಿಗೂ ಏನೋ ಸಂಬಂಧವಿರಬೇಕು ಎಂದು ಒಮ್ಮೆ ಬಸ್ಸಿನಲ್ಲಿ ಪಕ್ಕದವರೊಬ್ಬರು ನನಗೆ ವಿವರಿಸಿದ್ದೂ ಉಂಟು. ಬೆಳ್ಳಿಯಲ್ಲ, ಶಿಲುಬೆ. ಸಿರಿಯಾಕ್ ಭಾಷೆಯ ಪದವೊಂದು ಮಲಯಾಳ, ತಮಿಳುಗಳ ಬಾಯಲ್ಲಿ ಹಾದು ನಮ್ಮಲ್ಲಿಗೆ ಬಂದು ಶಿಲುಬೆಯಾಯಿತು, ಸಿಲುವೆಯಾಯಿತು. ಶಿಲುಬೆಯ ಊರು ಎಂದರ್ಥ.

ಯಲಹಂಕಕ್ಕೂ ನೆಲಮಂಗಲಕ್ಕೂ ನಡುವಿನ ಈ ರಾಗಿ ಹೊಲಗಳ ಸೀಮೆಯಲ್ಲಿ ಶಿಲುಬೆಯ ಊರು ಯಾಕೆ ಹುಟ್ಟಿತು? ಉತ್ತರಕ್ಕೆ 1876ಕ್ಕೆ ಹೋಗಬೇಕು. ಹಳೆಯ ಮೈಸೂರಿನ ಮುದುಕರು ಅದನ್ನು ಇಸವಿಯಲ್ಲಿ ಹೇಳುತ್ತಿರಲಿಲ್ಲ, 'ಧಾತು ಈಶ್ವರದ ಬರ' ಎನ್ನುತ್ತಿದ್ದರು. ಧಾತು ಸಂವತ್ಸರದಲ್ಲಿ ಮಳೆ ಹೋಯಿತು, ಈಶ್ವರ ಸಂವತ್ಸರದಲ್ಲಿ ಜನ ಹೋದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ 41,86,188. ಆ ನಡುವೆ ಹುಟ್ಟಿದವರನ್ನೂ ಸೇರಿಸಿಕೊಂಡ ಮೇಲೂ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಕಡಿಮೆ.

ಮೊದಲ ವರ್ಷ ರೈತರನ್ನು ಉಳಿಸಿದ್ದು ಹಗೇವು. ನೆಲದೊಳಗಿನ ಆ ಗುಂಡಿಗಳಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಒಂದು ಮಳೆ ತಪ್ಪಿದರೆ ಬಯಲುಸೀಮೆ ಹೆದರುತ್ತಿರಲಿಲ್ಲ. ಎರಡನೆಯದೂ ತಪ್ಪಿ ಹಗೇವಿನ ತಳ ಕಂಡಾಗ ಗಂಡಾಂತರ ಶುರುವಾಯಿತು. ಮದ್ರಾಸಿನಿಂದ ಬೆಂಗಳೂರು ದಂಡಿಗೆ 1864ರಲ್ಲೇ ರೈಲು ಬಂದಿತ್ತು. ಧಾನ್ಯವೂ ಅದರಲ್ಲೇ ಬಂದಿತು. ಆದರೆ ಬೆಂಗಳೂರಿನಿಂದಾಚೆಗೆ ಎತ್ತಿನ ಗಾಡಿಯೇ ಗತಿ, ಎತ್ತುಗಳಿಗೆ ಮೇವಿಲ್ಲ. ಧಾನ್ಯ ಜನರಿದ್ದಲ್ಲಿಗೆ ಹೋಗಲಾರದೆ ಜನ ಧಾನ್ಯವಿದ್ದಲ್ಲಿಗೆ ನಡೆದುಬಂದರು. ದಾರಿಯಲ್ಲಿ ಕೂತವರು ಏಳಲಿಲ್ಲ. ಎದ್ದು ಬಂದವರಿಗೆ ಗಂಜಿಕೇಂದ್ರ.

ಸರಕಾರದ ದಾನಕ್ಕೆ ಆಗ ಒಂದು ತಕ್ಕಡಿಯಿತ್ತು. ವೈಸ್‌ರಾಯ್ ಲಿಟ್ಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್, 1877ರ ಆರಂಭದಲ್ಲಿ ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ಮಣ್ಣು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಪುಡಿಗಾಸು ಸಾಕೆಂದು ಲೆಕ್ಕ ಹಾಕಿದ. ಇಂದಿನ ಅಳತೆಯಲ್ಲಿ ಅರ್ಧ ಕೆಜಿಗೂ ಕಡಿಮೆ. ಅಲ್ಲಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇಷ್ಟರಲ್ಲಿ ದುಡಿಯುವ ದೇಹ ಉಳಿಯದು ಎಂದು ಜಗಳಕ್ಕೆ ನಿಂತ. ಕೆಲವು ತಿಂಗಳಲ್ಲಿ ಕೂಲಿಯನ್ನು ಏರಿಸಬೇಕಾಯಿತು. ಖಜಾನೆ ಕೊಡುವಾಗ ಎಷ್ಟು ಕೊಟ್ಟರೆ ಸಾಯುವುದಿಲ್ಲ ಎಂದು ನೋಡುತ್ತದೆ. ಟೆಂಪಲ್ ಕೆಟ್ಟ ಮನುಷ್ಯನೇನೂ ಆಗಿರಲಿಲ್ಲ, ಹಿಂದಿನ ಬಿಹಾರದ ಬರದಲ್ಲಿ ಕೈಬಿಚ್ಚಿ ಖರ್ಚು ಮಾಡಿ ಬೈಸಿಕೊಂಡಿದ್ದವನು. ಈ ಸಲ ಬೈಗುಳ ತಪ್ಪಿಸಿಕೊಳ್ಳಲು ಹೊರಟ.

ಅದೇ ವರ್ಷ ಆಗಸ್ಟ್‌ನಲ್ಲಿ ಲಂಡನ್ನಿನ ಮೇಯರ್ ತೆರೆದ ನಿಧಿಗೆ ಐದು ಲಕ್ಷ ಪೌಂಡಿಗೂ ಹೆಚ್ಚು ಹಣ ಕೂಡಿತು. ನನಗೆ ಕುತೂಹಲ ಹುಟ್ಟಿಸುವುದು ಮೊತ್ತವಲ್ಲ, ಅದನ್ನು ಖರ್ಚು ಮಾಡಿದ ರೀತಿ. ಗಂಜಿ ಹಾಕುವುದು ಸರಕಾರದ ಕೆಲಸ, ನಾವು ರೈತ ಮತ್ತೆ ನೊಗ ಹೂಡುವಂತೆ ಮಾಡುತ್ತೇವೆ ಎಂದು ನಿಧಿಯವರು ಬಿತ್ತನೆ ಕಾಳಿಗೆ, ಎತ್ತಿಗೆ, ಸೂರಿನ ಹುಲ್ಲಿಗೆ ದುಡ್ಡು ಕೊಟ್ಟರು. ಹಸಿದವನಿಗೆ ಕೊಡುವ ಅನ್ನ ಸಂಜೆಗೆ ಮುಗಿಯುತ್ತದೆ, ಎತ್ತು ಮುಂದಿನ ವರ್ಷವೂ ಇರುತ್ತದೆ.

ಆದರೆ ಎತ್ತು ಕೊಡಲು ಮನೆಯಲ್ಲೊಬ್ಬ ಯಜಮಾನನಾದರೂ ಉಳಿದಿರಬೇಕಲ್ಲ. ಮಳೆ ಬಂದು ಶಿಬಿರಗಳು ಮುಚ್ಚುವ ಹೊತ್ತಿಗೆ ಹೇಳುವವರು ಕೇಳುವವರಿಲ್ಲದ ಮಕ್ಕಳು ಉಳಿದುಹೋದರು. ಕೆಲವಕ್ಕೆ ಊರಿನ ಹೆಸರೂ ಹೇಳಲು ಬಾರದ ವಯಸ್ಸು. ಇವರನ್ನು ತೆಗೆದುಕೊಂಡವರಲ್ಲಿ ಮಿಷನ್ನುಗಳೇ ಮುಂದು. ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಹುಡುಗರಿಗೆ, ಹಾಸನದಲ್ಲಿ ಹುಡುಗಿಯರಿಗೆ ಅನಾಥಾಲಯ ನಡೆಸಿತು. ಕೋಲಾರದಲ್ಲಿ ಮಿಸ್ ಆನ್‌ಸ್ಟೇ ಎಂಬ ಇಂಗ್ಲಿಷ್ ಮಹಿಳೆ ತಾನೇ ಒಂದು ತೆರೆದು, 1890ರಲ್ಲಿ ಅಮೆರಿಕನ್ ಮೆಥೊಡಿಸ್ಟರಿಗೆ ಒಪ್ಪಿಸಿದಳು. ಕ್ಯಾಥೊಲಿಕರ ಮೈಸೂರು ಮಿಷನ್ ಆಗ ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಸ್ಥೆಯ ಫ್ರೆಂಚ್ ಪಾದ್ರಿಗಳ ಕೈಯಲ್ಲಿತ್ತು, ಬಿಷಪ್ ಷೆವಾಲಿಯೆ. ಅನಾಥರನ್ನು ಸೇರಿಸಿಕೊಂಡ ಈ ಮಿಷನ್, ಬೆಳೆಯುವ ಹುಡುಗರನ್ನು ಆಶ್ರಮದಲ್ಲಿ ಎಷ್ಟು ದಿನ ಇಟ್ಟುಕೊಳ್ಳುವುದು ಎಂಬ ಪ್ರಶ್ನೆಗೆ ಜಮೀನಿನ ಉತ್ತರ ಕಂಡುಕೊಂಡಿತು. ಬೆಂಗಳೂರಿನ ವಾಯವ್ಯಕ್ಕೆ ಸಿಲುವೆಪುರ, ಕನಕಪುರದ ದಾರಿಗೆ ಮರಿಯಾಪುರ: ಎರಡೂ ಹೀಗೆ ಹುಟ್ಟಿದ ಬೇಸಾಯದ ಊರುಗಳು.

ಈ ಯೋಚನೆ ಹೊಸದಾಗಿರಲಿಲ್ಲ. ಅದೇ ಸಂಸ್ಥೆಯ ಅಬ್ಬೆ ದ್ಯುಬುವಾ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಂದು, ದಿಕ್ಕೆಟ್ಟ ಕ್ರೈಸ್ತರಿಗಾಗಿ ಹಾಸನ ಸೀಮೆಯ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಮಾಡಿಸಿದ್ದ. ಹಿಂದೂ ಆಚಾರ ವಿಚಾರಗಳ ಬಗ್ಗೆ ಅವನು ಬರೆದ ಪುಸ್ತಕವನ್ನು ನಮ್ಮ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ, ಜಗಳವನ್ನೂ ಆಡುತ್ತಾರೆ. ಸಿಡುಬಿನ ಲಸಿಕೆ ಈ ದೇಶಕ್ಕೆ ಕಾಲಿಟ್ಟ ಹೊಸತರಲ್ಲೇ, 1803-04ರಲ್ಲಿ, ಅವನು 25,432 ಜನಕ್ಕೆ ಲಸಿಕೆ ಹಾಕಿಸಿದ ಲೆಕ್ಕವನ್ನು ಮಾತ್ರ ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಜನ ಅವನನ್ನು 'ದೊಡ್ಡ ಸ್ವಾಮಿಯೋರು' ಎಂದು ಕರೆದರು.

ಜಮೀನು ಕೊಟ್ಟಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಮ್ಮಲ್ಲಿ ಊರು ಎಂದರೆ ಮನೆಗಳ ಗುಂಪಲ್ಲ. ಕುಲ, ಬೆಡಗು, ಸೋದರಮಾವ, ಗ್ರಾಮದೇವತೆ, ತೋಟಿ, ತಳವಾರ ಎಲ್ಲ ಸೇರಿ ಊರು. ಅನಾಥನಿಗೆ ಇದಾವುದೂ ಇಲ್ಲ. ಹೆಣ್ಣು ಕೊಡುವವರಿಲ್ಲ, ಹೆಣ ಹೊರುವವರಿಲ್ಲ. ಮಿಷನ್ನಿನ ಬೇಸಾಯದ ಊರಿನಲ್ಲಿ ಇವನ್ನೆಲ್ಲ ಗುಡಿಯೇ ಒದಗಿಸಬೇಕಿತ್ತು. ಜ್ಞಾನಸ್ನಾನದ ದಿನ ಮಗುವಿನ ಪಕ್ಕ ನಿಲ್ಲುವ ಜ್ಞಾನದ ತಂದೆ ತಾಯಿ ಎಂಬ ಸಂಬಂಧ ಹುಟ್ಟಿನಿಂದ ಕ್ರೈಸ್ತರಾದವರಿಗೆ ಒಂದು ಸಂಪ್ರದಾಯ. ಅಪ್ಪ ಅಮ್ಮ ಯಾರೆಂದು ಹೇಳಲಾರದ ಹುಡುಗನಿಗೆ ಅದೇ ಬಳಗ. ವಿಚಾರಣೆಯ ಪಾದ್ರಿಯೇ ಗೌಡ, ಅವನೇ ಶ್ಯಾನುಭೋಗ, ಮದುವೆ ಕುದುರಿಸುವ ಹಿರಿಯನೂ ಅವನೇ.

ಹೆಸರುಗಳೂ ಅಲ್ಲಿಂದಲೇ. ಈ ಕಡೆಯ ಕನ್ನಡ ಕ್ಯಾಥೊಲಿಕರ ಹಳೆಯ ಹೆಸರುಗಳನ್ನು ಕೇಳಿದರೆ ನನಗೆ ಒಂದು ಇಡೀ ಚರಿತ್ರೆ ಕೇಳಿದಂತಾಗುತ್ತದೆ. ಚೌರಪ್ಪ ಎಂದರೆ ಕ್ಸೇವಿಯರ್, ಇನ್ನಾಸಪ್ಪ ಎಂದರೆ ಇಗ್ನೇಷಿಯಸ್, ಜೋಜಪ್ಪ ಜೋಸೆಫ್, ರಾಯಪ್ಪ ಪೇತ್ರ, ಚಿನ್ನಪ್ಪ ಪೌಲ. ಪೌಲ ಎಂದರೆ ಲತೀನಿನಲ್ಲಿ ಚಿಕ್ಕವನು, ಅದು ತಮಿಳಿನಲ್ಲಿ ಚಿನ್ನಪ್ಪರ್ ಆಗಿ, ಕನ್ನಡಕ್ಕೆ ಬಂದು ಬಂಗಾರದ ಅಪ್ಪನಾಯಿತು! ಹೆಂಗಸರಲ್ಲಿ ಮರಿಯಮ್ಮ, ಆರೋಗ್ಯಮ್ಮ, ಲೂರ್ದಮ್ಮ. ಪರದೇಶದ ಸಂತರೆಲ್ಲ ಅಪ್ಪ, ಅಮ್ಮ ಸೇರಿಸಿಕೊಂಡು ಬಯಲುಸೀಮೆಯ ಒಕ್ಕಲಾದರು.

ಇಲ್ಲಿ ಕಠಿಣ ಪ್ರಶ್ನೆಯನ್ನು ಹಾರಿಸಿ ಮುಂದೆ ಹೋಗಲಾಗದು. ಅನ್ನಕ್ಕೆ ಬದಲು ದೇವರನ್ನು ಕೊಂಡುಕೊಂಡರಲ್ಲವೇ? ಅದೇ ಬರದಲ್ಲಿ ಜೋತಿಬಾ ಫುಲೆ, ಸಾವಿತ್ರಿಬಾಯಿ ಮತ್ತು ಅವರ ಸತ್ಯಶೋಧಕ ಸಮಾಜದವರು ಪುಣೆಯ ಬಳಿ ಮಕ್ಕಳಿಗೆ ಅನ್ನ ಹಾಕಿದರು, ಯಾರ ಮತವನ್ನೂ ಬದಲಿಸಲಿಲ್ಲ. ಯಶವಂತಪುರದಿಂದ ಹೊರಡುವ ತುಮಕೂರು ರಸ್ತೆಯಲ್ಲೇ ಮುಂದೆ ಹೋದರೆ ಸಿದ್ಧಗಂಗೆ. ಅಲ್ಲಿಯ ದಾಸೋಹದಲ್ಲಿ ಉಂಡು ಓದಿದ ಎಲ್ಲ ಜಾತಿಯ ಹುಡುಗರು ತಮ್ಮ ತಮ್ಮ ಜಾತಿಯಲ್ಲೇ ಊರಿಗೆ ಮರಳಿದರು. ಹೀಗೂ ಕೊಡಬಹುದಿತ್ತು. ಫ್ರೆಂಚ್ ಪಾದ್ರಿಗಳು ಹೀಗೆ ಕೊಡಲಿಲ್ಲ. ಅವರ ಪಾಲಿಗೆ ದೇಹ ಉಳಿಸುವುದೂ ಆತ್ಮ ಉಳಿಸುವುದೂ ಒಂದೇ ಕೆಲಸ, ಮುಚ್ಚುಮರೆಯೂ ಇರಲಿಲ್ಲ. ಆದರೆ ಏಳು ವರ್ಷದ ಮಗು ಯಾವುದಕ್ಕೆ ಒಪ್ಪಿಗೆ ಕೊಡಬಲ್ಲದು? ಸ್ವತಃ ದ್ಯುಬುವಾ ಮೂವತ್ತು ವರ್ಷ ಇಲ್ಲಿದ್ದು, 1823ರಲ್ಲಿ ಪ್ರಕಟವಾದ ತನ್ನ ಪತ್ರಗಳಲ್ಲಿ ಹಿಂದೂಗಳ ಮತಾಂತರ ಆಗಿಹೋಗುವ ಮಾತಲ್ಲ ಎಂದು ಕೈಚೆಲ್ಲಿದ್ದ. ಲಸಿಕೆ ಚುಚ್ಚಿಸಿದ್ದಕ್ಕೆ ಅವನು ಯಾವತ್ತೂ ಹಾಗೆ ಕೈಚೆಲ್ಲಿದವನಲ್ಲ.

ಆದರೂ ನನ್ನ ಮನಸ್ಸು ಒಂದೇ ಕಡೆ ತೂಗುವುದಿಲ್ಲ. ಆ ಮಕ್ಕಳಿಗೆ ಮರಳಲು ಒಂದು ಜಾತಿ, ಒಂದು ಊರು ಬಾಗಿಲು ತೆರೆದು ಕಾದಿತ್ತು ಎಂದು ನಾವು ಇಂದು ಊಹಿಸಿಕೊಳ್ಳುವುದು ಸುಲಭ. ಗಂಜಿಕೇಂದ್ರದಲ್ಲಿ ಯಾರ ಕೈಯಡಿಗೆಯನ್ನೋ ಉಂಡವರನ್ನು ಜಾತಿಗೆ ಸೇರಿಸಿಕೊಳ್ಳಲು ಹಿಂಜರಿದ ಸಮಾಜ ಅದು. ಅನಾಥರಿಗೆ ಕೊಟ್ಟದ್ದಕ್ಕೆ ಮಿಷನ್ ಬೆಲೆ ಕಟ್ಟಿಸಿಕೊಂಡಿತು, ನಿಜ. ಉಳಿದವರು ಬೆಲೆ ಕೇಳಲಿಲ್ಲ, ಕೊಡಲೂ ಇಲ್ಲ.

ಮುಂದಿನ ಕಥೆ ಬೇಗ ಸಾಗುತ್ತದೆ. ಇಪ್ಪತ್ತು ವರ್ಷದೊಳಗೆ ಅಲ್ಲೇ ಪಕ್ಕದಲ್ಲಿ ಅರ್ಕಾವತಿಗೆ ಕಟ್ಟೆ ಕಟ್ಟಿ ಹೆಸರಘಟ್ಟದ ನೀರನ್ನು ಬೆಂಗಳೂರಿಗೆ ಕೊಳವೆಯಲ್ಲಿ ಒಯ್ದರು. ಸ್ವಾತಂತ್ರ್ಯದ ನಂತರ ದಾನ ಅಮೆರಿಕದಿಂದ ಹಡಗಿನಲ್ಲಿ ಬಂತು: ಗೋಧಿ, ಹಾಲಿನ ಪುಡಿ, ಎಣ್ಣೆ. ಕೈಕುಲುಕುವ ಎರಡು ಹಸ್ತಗಳ ಚಿತ್ರವಿದ್ದ ಆ ಚೀಲಗಳನ್ನು ಹಂಚಿದವರಲ್ಲಿ ಚರ್ಚುಗಳೂ ಇದ್ದವು, ಶಾಲೆಗಳೂ ಇದ್ದವು. ಆ ತಲೆಮಾರಿನವರಿಗೆ ಶಾಲೆಯ ಉಪ್ಪಿಟ್ಟಿನ ವಾಸನೆ ಇನ್ನೂ ಮೂಗಿನಲ್ಲಿದೆ. 1973ರಲ್ಲಿ ಹೆಬ್ಬಾಳದ ಬಳ್ಳಾರಿ ರಸ್ತೆಯಲ್ಲಿ ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು ಆಸ್ಪತ್ರೆ ತೆರೆದರು. 1989ರಲ್ಲಿ ಅದರ ಆಡಳಿತ ವೆಲ್ಲೂರಿನ ಸಿ.ಎಂ.ಸಿ.ಯ ಕೈಗೆ ಬಂತು. ಹೊರದೇಶದ ದುಡ್ಡಿಗೆ 1976ರಲ್ಲಿ ಒಂದು ಕಾಯಿದೆ, 2010ರಲ್ಲಿ ಇನ್ನೊಂದು, 2020ರಲ್ಲಿ ಅದಕ್ಕೊಂದು ಬಿಗಿ ತಿದ್ದುಪಡಿ ಬಂದವು. ಸಣ್ಣ ಧರ್ಮಕೇಂದ್ರಗಳ ಮಟ್ಟಿಗೆ ಇದರ ಅರ್ಥ ಸರಳ: ಹಂಚಬೇಕಾದ್ದನ್ನು ಇಲ್ಲೇ ಕೂಡಿಸಬೇಕು.

ಹೇಗೆ ಕೂಡಿಸುತ್ತಾರೆ ಎಂಬುದು ನನಗೆ ಚರಿತ್ರೆಯಷ್ಟೇ ಆಸಕ್ತಿಯ ವಿಷಯ. ಅನೇಕ ಗುಡಿಗಳಲ್ಲಿ ಸಂತ ಅಂತೋಣಿಯ ಪ್ರತಿಮೆಯ ಕೆಳಗೆ ಒಂದು ಡಬ್ಬಿ ಇರುತ್ತದೆ. ಕಳೆದದ್ದು ಸಿಕ್ಕರೆ, ಮಗಳಿಗೆ ಗಂಡು ಸಿಕ್ಕರೆ, ಬಡವರ ರೊಟ್ಟಿಗೆಂದು ಅಲ್ಲಿ ಹಣ ಹಾಕುವ ಪದ್ಧತಿ 1890ರ ದಶಕದಲ್ಲಿ ಫ್ರಾನ್ಸಿನ ತುಲೋನ್ ಎಂಬ ಬಂದರೂರಿನಿಂದ ಹಬ್ಬಿದ್ದು. ಮಂಗಳವಾರ ಅಲ್ಲಿ ಮೇಣದ ಬತ್ತಿ ಹಚ್ಚುವವರಲ್ಲಿ ಕ್ರೈಸ್ತರಲ್ಲದವರೂ ಬಹಳ. ಹರಕೆ ಎಂಬ ಪದಕ್ಕೆ ನಮ್ಮಲ್ಲಿ ಮತಭೇದವಿಲ್ಲ. ಹಾಗೆ ನೋಡಿದರೆ ಆ ಡಬ್ಬಿಯಲ್ಲಿ ಯಾರ ದುಡ್ಡು ಯಾರ ರೊಟ್ಟಿಯಾಗುತ್ತದೋ ಅಂತೋಣಿಗೇ ಗೊತ್ತು.

ಇನ್ನೊಂದು ಸಂತ ವಿನ್ಸೆಂಟ್ ದೆ ಪೌಲ್ ಸಭೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಓಜನಾಂ ಎಂಬ ಇಪ್ಪತ್ತರ ವಿದ್ಯಾರ್ಥಿ ಗೆಳೆಯರೊಡನೆ ಶುರುಮಾಡಿದ್ದು. ಪಾದ್ರಿಗಳ ಸಂಸ್ಥೆಯಲ್ಲ, ಸಂಸಾರಿಗಳದು. ಇವರ ಕಾನೂನುಗಳಲ್ಲಿ ಎರಡು ನನಗೆ ಇಷ್ಟ. ಸಭೆ ಸೇರಿದಾಗ ಒಂದು ಚೀಲ ಸುತ್ತು ಬರುತ್ತದೆ. ಪ್ರತಿಯೊಬ್ಬರೂ ಮುಚ್ಚಿದ ಮುಷ್ಟಿಯನ್ನು ಅದರೊಳಗೆ ಇಳಿಸುತ್ತಾರೆ. ನೂರು ಹಾಕಿದವರು ಯಾರು, ಏನೂ ಹಾಕದವರು ಯಾರು ಎಂದು ಯಾರಿಗೂ ತಿಳಿಯದು. ಎರಡನೆಯದು, ಬಡವರನ್ನು ಗುಡಿಯ ಮುಂದೆ ಸಾಲು ನಿಲ್ಲಿಸುವ ಬದಲು ಇವರೇ ಅವರ ಮನೆಗೆ ಹೋಗುತ್ತಾರೆ, ಜೊತೆಯಾಗಿ ಹೋಗುತ್ತಾರೆ. ಜಗಲಿಯ ಮೇಲೆ ಕೂತು ಮಾತಾಡಿ, ಔಷಧಿ ಚೀಟಿ ನೋಡಿ, ಮಗುವಿನ ಶಾಲೆಯ ಫೀಸಿನ ವಿಚಾರಿಸಿ ಬರುತ್ತಾರೆ. ಟೆಂಪಲ್‌ನ ತಕ್ಕಡಿಗೂ ಈ ಚೀಲಕ್ಕೂ ಎಷ್ಟು ದೂರ! ಇದರಲ್ಲೂ ಕೊರತೆಯುಂಟು. ಚೀಲ ಸಣ್ಣದು. ಒಂದು ಸಂಸಾರದ ತಿಂಗಳ ಅಕ್ಕಿ ಬೇಳೆಗೆ ಆದೀತು, ಆಪರೇಷನ್ನಿನ ಖರ್ಚಿಗೆ ಆಗದು. ಮನೆಗೆ ಬಂದವರಿಗೆ ನಮ್ಮ ಬಡತನ ತೋರಿಸಬೇಕಲ್ಲ ಎಂಬ ಸಂಕೋಚವೂ ಒಳಗಿನವರಿಗೆ ಇರುತ್ತದೆ.

ಈಗ ಈ ಸೀಮೆಯಲ್ಲಿ ಇವರು ತಟ್ಟುವ ಬಾಗಿಲುಗಳು ಬದಲಾಗಿವೆ. ರಾಗಿ ಹೊಲಗಳು ಲೇಔಟುಗಳಾಗಿವೆ. ಅಲ್ಲಿ ಮನೆ ಕಟ್ಟಲು ಬಂದವರು ರಾಯಚೂರು, ಯಾದಗಿರಿ, ಕಲಬುರಗಿಯ ಜನ, ಬಿಹಾರ, ಒಡಿಶಾದವರು. ತಗಡಿನ ಶೆಡ್ಡು, ನೀಲಿ ಟಾರ್ಪಾಲು. ಇವರನ್ನೂ ಅಲ್ಲಿಂದ ಎಬ್ಬಿಸಿ ತಂದದ್ದು ಬಹುಮಟ್ಟಿಗೆ ಮಳೆಯೇ, ಸಂವತ್ಸರದ ಹೆಸರು ಯಾರೂ ಹೇಳುವುದಿಲ್ಲ ಅಷ್ಟೆ. 2020ರ ಮೇ ತಿಂಗಳಲ್ಲಿ ಲಾಕ್‌ಡೌನಿನ ನಡುವೆ ಇವರಲ್ಲಿ ಸಾವಿರಾರು ಜನ ಗಂಟುಮೂಟೆ ಹೊತ್ತು ಊರಿಗೆ ಹೊರಟಾಗ ಶ್ರಮಿಕ್ ರೈಲುಗಳು ಬಿಟ್ಟದ್ದು ಚಿಕ್ಕಬಾಣಾವರದ ಪುಟ್ಟ ನಿಲ್ದಾಣದಿಂದ. ಆ ವಾರಗಳಲ್ಲಿ ಬೆಂಗಳೂರಿನ ಮಠ, ಮಸೀದಿ, ಗುರುದ್ವಾರ, ಚರ್ಚುಗಳ ಒಲೆಗಳೆಲ್ಲ ಉರಿದವು. ಪೊಟ್ಟಣ ಕಟ್ಟಿದವರು ಯಾರ ದೇವರನ್ನೂ ಕೇಳಲಿಲ್ಲ, ಕೇಳಿದ್ದು ಒಂದೇ: ಎಷ್ಟು ಜನ ಇದ್ದೀರಿ?

ಸಿಲುವೆಪುರದಿಂದ ಆ ನಿಲ್ದಾಣ ನಡೆದು ಹೋಗುವಷ್ಟು ಹತ್ತಿರ.