ಅವ್ವನ ಸರಿ ಹಿಟ್ಟು, ರಾಜಾಜಿನಗರದ ಕ್ಯಾರೆಟ್

ಎರಡು ವರ್ಷದ ಹಿಂದೆ ರಾಜಾಜಿನಗರದ ಒಂದು ಬಾಡಿಗೆ ಮನೆಯಲ್ಲಿ, ನಮ್ಮ ಬಳಗದವರೊಬ್ಬರ ಅಕ್ಕನ ಮಗುವಿನ ಗಂಟಲಿಗೆ ಕ್ಯಾರೆಟ್ ತುಂಡು ಸಿಕ್ಕಿಕೊಂಡಿತು. ಮಗುವಿಗೆ ಎಂಟು ತಿಂಗಳು. ಅಕ್ಕ ಕೆಲಸಕ್ಕೆ ಹೋಗಿದ್ದರು. ಮಗು ನೋಡಿಕೊಳ್ಳಲು ಕುಣಿಗಲ್ ಕಡೆಯಿಂದ ಬಂದಿದ್ದ ಅವ್ವ, ಹಲ್ಲು ಬರುತ್ತಿದೆ, ಕಡಿಯಲಿ ಅಂತ ಹಸಿ ಕ್ಯಾರೆಟ್ ಕೈಗೆ ಕೊಟ್ಟಿದ್ದರು. ಮಗು ಅಳಲಿಲ್ಲ, ಕೆಮ್ಮಲಿಲ್ಲ, ನೀಲಿಯಾಯಿತು. ಅವ್ವ ಗಾಬರಿಯಲ್ಲಿ ಬೆರಳು ಹಾಕಿದರು, ತುಂಡು ಇನ್ನೂ ಒಳಗೆ ಹೋಯಿತು. ಪಕ್ಕದ ಮನೆಯ ನರ್ಸ್ ಓಡಿ ಬಂದು, ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಎರಡು ಭುಜಗಳ ನಡುವೆ ಅಂಗೈಯಿಂದ ಬಲವಾಗಿ ಬಡಿದರು. ನಾಲ್ಕನೇ ಏಟಿಗೆ ತುಂಡು ಹೊರಬಂತು.

ಅವ್ವನನ್ನು ಬೈಯುವುದು ಸುಲಭ. ಆದರೆ ಊರಲ್ಲಿ ಅವರು ಮಕ್ಕಳನ್ನು ಬೆಳೆಸಿದ್ದು ರಾಗಿ ಸರಿಯಲ್ಲಿ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟು. ಅದರಲ್ಲಿ ಗಂಟಲಿಗೆ ಸಿಕ್ಕುವಂಥದ್ದು ಏನೂ ಇಲ್ಲ. ಅಲ್ಲಿನ ಅಪಾಯವೇ ಬೇರೆ: ಅಳುವ ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ ಒಳಲೆಯಲ್ಲಿ ಹುಯ್ಯುವುದು. ಉಸಿರಿನ ದಾರಿಗೆ ಹೋಗುವುದು ಹಾಗೆ ಹುಯ್ದಾಗಲೇ.

ಮೊಳಕೆ ಬರಿಸುವುದರ ಹಿಂದಿನ ಲೆಕ್ಕ ನಮಗೆ ಗೊತ್ತಾದದ್ದು ಮೈಸೂರಿನ ಸಿ.ಎಫ್.ಟಿ.ಆರ್.ಐ.ಯಿಂದ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಹಿಟ್ಟು ಜಾಸ್ತಿ ಹಾಕಿದರೂ ಗಂಜಿ ತೆಳುವಾಗಿರುತ್ತದೆ, ಪುಟ್ಟ ಹೊಟ್ಟೆಗೆ ಹೆಚ್ಚು ಶಕ್ತಿ ಸಿಗುತ್ತದೆ. ಅಲ್ಲಿನ ಮಲ್ಲೇಶಿ ಮತ್ತು ದೇಶಿಕಾಚಾರ್ 1982ರಲ್ಲಿ ಮೊಳಕೆ ರಾಗಿ, ಹೆಸರುಕಾಳು ಸೇರಿಸಿದ ಮಕ್ಕಳ ಆಹಾರದ ಬಗ್ಗೆ ಬರೆದರು. ಅಜ್ಜಿಯರು ಅದನ್ನು ಯಾವತ್ತೋ ಮಾಡಿಕೊಂಡಿದ್ದರು, ಬರೆದಿರಲಿಲ್ಲ ಅಷ್ಟೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಕಣ್ಣಿಗೆ ಬೇಕಾದ ಎ ಜೀವಸತ್ವ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. 1970ರಲ್ಲಿ ಕೇಂದ್ರ ಸರ್ಕಾರ ಮಕ್ಕಳ ಕುರುಡುತನ ತಡೆಯಲು ಆರು ತಿಂಗಳಿಗೊಮ್ಮೆ ಎ ಜೀವಸತ್ವದ ದ್ರವ ಕುಡಿಸುವ ಕಾರ್ಯಕ್ರಮ ತಂದದ್ದು ಇಂಥ ಕೊರತೆಗೇ. ಸಿಹಿಗುಂಬಳ, ಕ್ಯಾರೆಟ್, ಸೊಪ್ಪು ಮಗುವಿನ ತಟ್ಟೆಗೆ ಬರಬೇಕು ಅನ್ನುವ ಮಾತೂ ಅದಕ್ಕೇ.

ಇನ್ನು ರಾಜಾಜಿನಗರ. 1949ರಲ್ಲಿ ಆಗಿನ ಗವರ್ನರ್ ಜನರಲ್ ರಾಜಾಜಿ ಶಂಕುಸ್ಥಾಪನೆ ಮಾಡಿದ ಈ ಬಡಾವಣೆ ಕಾರ್ಖಾನೆಗಳ ಜತೆಗೇ ಬೆಳೆಯಿತು. ತಾಯಿ ಹೊರಗೆ ದುಡಿಯಲು ಹೋದರೆ ಮಗುವಿಗೆ ಉಣಿಸುವವರು ಯಾರು? 1948ರ ಕಾರ್ಖಾನೆ ಕಾಯ್ದೆ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಮನೆ ಇರಬೇಕು ಅಂದಿತು, 1976ರಲ್ಲಿ ಅದು 30ಕ್ಕೆ ಇಳಿಯಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಕೊಟ್ಟದ್ದು 12 ವಾರದ ರಜೆ. ಮೂರು ತಿಂಗಳಿಗೇ ಎದೆಹಾಲು ತಪ್ಪಿದರೆ ಉಳಿದದ್ದು ಡಬ್ಬದ ಹಾಲು, ಇಲ್ಲವೇ ಊರಿಂದ ಬಂದ ಅವ್ವ. ಡಬ್ಬದ ಜಾಹೀರಾತಿಗೆ ಕಡಿವಾಣ ಬಿದ್ದದ್ದು 1992ರ ಕಾಯ್ದೆಯಿಂದ. ಆ ಕಾಯ್ದೆಯೂ ಮೇಲಾಹಾರ ನಾಲ್ಕು ತಿಂಗಳ ನಂತರ ಅಂದಿತ್ತು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳು ಎದೆಹಾಲು ಮಾತ್ರ ಅಂದ ಮೇಲೆ, 2003ರಲ್ಲಿ ನಮ್ಮಲ್ಲೂ ತಿದ್ದಿದರು. ರಜೆ 26 ವಾರವಾಗಲು 2017 ಬರಬೇಕಾಯಿತು! ಅಂದರೆ ಹದಿನಾಲ್ಕು ವರ್ಷ ಕಾಗದದಲ್ಲಿ ಆರು ತಿಂಗಳು, ಕಾರ್ಖಾನೆಯಲ್ಲಿ ಮೂರು.

ಹಳ್ಳಿಯಲ್ಲಿ ಈ ಕೆಲಸ ಹೊತ್ತದ್ದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ 100 ಕೇಂದ್ರಗಳು ಶುರುವಾದವು. ಪುಡಿ ಬಂತು, ತೂಕದ ಯಂತ್ರ ಬಂತು. ತರಕಾರಿ ಎಷ್ಟು ಬೇಯಬೇಕು ಅನ್ನುವುದು ಮಾತ್ರ ಅವ್ವಂದಿರ ಕಿವಿಗೆ ಸರಿಯಾಗಿ ಬೀಳಲಿಲ್ಲ ಅಂತ ನಮಗನಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 6ರಿಂದ 23 ತಿಂಗಳ ನೂರು ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುತ್ತಿದ್ದದ್ದು ಸುಮಾರು 11 ಮಕ್ಕಳಿಗೆ.

ಆ ನರ್ಸ್ ಅವತ್ತು ಸಂಜೆ ಅವ್ವನಿಗೆ ಹೇಳಿಕೊಟ್ಟದ್ದು ಇಷ್ಟು. ಸಿಪ್ಪೆ, ಬೀಜ, ನಾರು ತೆಗೆದು ಬೇಯಿಸಿ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೆಣ್ಣೆಯಂತೆ ನುಣ್ಣಗಾಗಬೇಕು. ಆರು ತಿಂಗಳಿಗೆ ಮಸೆದು ಒಂದೆರಡು ಚಮಚ, ಎಂಟು ತಿಂಗಳ ಹೊತ್ತಿಗೆ ಸ್ವಲ್ಪ ತರಿತರಿಯಾಗಿ. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ, ಜೇನುತುಪ್ಪ ಬೇಡ. ಮಗು ನೆಟ್ಟಗೆ ಕೂತಿರಬೇಕು, ಎದುರಿಗೆ ಯಾರಾದರೂ ಇರಬೇಕು. ಬೆಳಿಗ್ಗೆ ಬೇಯಿಸಿ ಹೊರಗಿಟ್ಟದ್ದನ್ನು ಮಧ್ಯಾಹ್ನ ಕೊಡಬೇಡಿ. ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ನಿಂತರೆ ಬೆನ್ನಿಗೆ ಐದು ಏಟು. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿಂದ ಐದು ಸಲ ಒತ್ತಿ, ಮತ್ತೆ ಬೆನ್ನಿಗೆ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕಾಣದ ತುಂಡಿಗೆ ಬೆರಳು ಹಾಕಬೇಡಿ.

ಅವ್ವ ಈಗ ಊರಲ್ಲಿದ್ದಾರೆ, ಮಗನ ಮಗುವಿಗೆ ಏಳು ತಿಂಗಳು. ಸರಿ ಹಿಟ್ಟಿನ ಡಬ್ಬದ ಪಕ್ಕದಲ್ಲೇ ಹಿತ್ತಲಿನ ಸಿಹಿಗುಂಬಳ ಇಟ್ಟುಕೊಂಡಿದ್ದಾರೆ. ಬೇಯಿಸಿದ್ದನ್ನು ಮೊದಲು ತಾವೇ ಒತ್ತಿ ನೋಡುತ್ತಾರೆ. ಬಾಯಲ್ಲಿ ಹಲ್ಲಿಲ್ಲದ ನಾನು ನುಂಗಿದರೆ ಮಗುವೂ ನುಂಗುತ್ತೆ ಅಂತ ಸೊಸೆಗೆ ಹೇಳುತ್ತಾರಂತೆ.