ಚಿತ್ರವನ್ನು ನೋಡಿ ಬರೆಯುವುದು

ರೋಣದ ಸೀಮೆಯ ಅಬ್ಬಿಗೇರಿ ನನ್ನ ಊರು. ನಾನು ಹುಡುಗನಾಗಿದ್ದಾಗ, ದೊಡ್ಡಾಟ ನಡೆದ ಮರುದಿನ ಹಿರಿಯರು ಕಟ್ಟೆಯ ಮೇಲೆ ಕುಳಿತು ಆಡುತ್ತಿದ್ದ ಮಾತುಗಳು ಇಂದಿಗೂ ಕಿವಿಯಲ್ಲಿವೆ. ಕಥೆಯ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಭೀಮನ ಕುಣಿತ ಎಲ್ಲಿ ತಾಳ ತಪ್ಪಿತು, ದ್ರೌಪದಿಯ ಪಾತ್ರಧಾರಿ ಅಳುವಾಗ ಮುಖವನ್ನು ಅತ್ತ ಏಕೆ ತಿರುಗಿಸಿದ, ಹಿಮ್ಮೇಳ ಎಲ್ಲಿ ಸುಮ್ಮನಾಗಬೇಕಿತ್ತು, ಇದೇ ಚರ್ಚೆ. ಅದೂ ವಿಮರ್ಶೆಯೆಂದು ನನಗೆ ಹೊಳೆದದ್ದು ಬಹಳ ತಡವಾಗಿ, ಒಂದು ತಪ್ಪು ಮಾಡಿದ ಮೇಲೆ.

1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' ಸಿದ್ಧವಾಯಿತು. ಮದರಾಸಿನ ಸೆನ್ಸಾರಿನವರು ಮೊದಲಿಗೆ ಅನುಮತಿ ನಿರಾಕರಿಸಿದ್ದರಿಂದ ಚಿತ್ರಕ್ಕಿಂತ ಮುಂಚೆ ಅದರ ಬಗೆಗಿನ ವಾದವೇ ಊರೂರು ತಲುಪಿತು. ಆಮೇಲೆ 'ವಂಶವೃಕ್ಷ', 'ಕಾಡು', 'ಚೋಮನ ದುಡಿ' ಬಂದವು. ಎಲ್ಲವೂ ಕಾದಂಬರಿಯ ಕೈಹಿಡಿದು ಬಂದಂಥವು. ಅವನ್ನು ಕುರಿತು ಬರೆಯಹೊರಟ ನನ್ನಂಥವರು ಸಾಹಿತ್ಯದ ಕಡೆಯವರು. ನಮಗೆ ಸಲೀಸಾಗಿ ಒದಗುತ್ತಿದ್ದ ಪ್ರಶ್ನೆ ಒಂದೇ: ಚಿತ್ರ ಮೂಲಕ್ಕೆ ನಿಷ್ಠವಾಗಿದೆಯೇ? 'ಸಂಸ್ಕಾರ'ದ ಛಾಯಾಗ್ರಾಹಕ ಆಸ್ಟ್ರೇಲಿಯಾದ ಟಾಮ್ ಕೋವನ್, ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು. ಅಗ್ರಹಾರದ ಮುಖಗಳನ್ನು ದೂರದ ದೇಶದವನೊಬ್ಬನ ಕಣ್ಣು ಹೇಗೆ ಕಂಡಿತೆಂದು ಕೇಳಬಹುದಾಗಿತ್ತು. ನಾನಂತೂ ಕೇಳಲಿಲ್ಲ. "ಛಾಯಾಗ್ರಹಣ ಚೆನ್ನಾಗಿದೆ" ಎಂಬ ವಾಕ್ಯವನ್ನು ಊಟದ ಕೊನೆಯ ವೀಳ್ಯದಂತೆ ಲೇಖನದ ತುದಿಗಿಟ್ಟು ಕೈತೊಳೆದುಕೊಳ್ಳುತ್ತಿದ್ದೆ.

ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' ತೆರೆಗೆ ಬಂದದ್ದು 1977ರಲ್ಲಿ. ಅನಂತಮೂರ್ತಿಯವರ ಕಥೆಯನ್ನು ನಾನು ಎರಡು ಸಲ ಓದಿದ್ದೆ. ಆ ಠೀವಿಯಲ್ಲೇ ಹುಬ್ಬಳ್ಳಿಗೆ ಹೋಗಿ ನೋಡಿದೆ. ಜೊತೆಗೆ ನಮ್ಮ ಕಾಕಾ ಇದ್ದರು, ದೊಡ್ಡಾಟದ ಹಳೆಯ ಹುಲಿ, ಕಥೆಯನ್ನು ಓದಿದವರಲ್ಲ. ಊರಿಗೆ ಮರಳಿ ಒಂದೇ ರಾತ್ರಿಯಲ್ಲಿ ಲೇಖನ ಬರೆದೆ. ಕಥೆಯಲ್ಲಿದ್ದ ಯಾವುದು ಚಿತ್ರದಲ್ಲಿಲ್ಲವೆಂಬ ಪಟ್ಟಿಯೇ ಅದರ ಜೀವಾಳ. ಅಚ್ಚಾದದ್ದನ್ನು ಕಾಕಾಗೆ ಓದಿ ಹೇಳಿದೆ. ಅವರು ಕೇಳಿ, ಎಲೆಗೆ ಸುಣ್ಣ ಹಚ್ಚುತ್ತ ಅಂದರು: "ತಮ್ಮಾ, ಇದರಾಗ ಕಥಿ ಐತಿ. ನಾವು ನೋಡಿದ್ದು ಎಲ್ಲೈತಿ?"

ನನಗೆ ಸಿಟ್ಟು ಬಂದಿತು. ಓದದವರಿಗೇನು ತಿಳಿದೀತು ಎಂದುಕೊಂಡೆ.

ಇದೇ ಕಾಲದಲ್ಲಿ ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ನೀನಾಸಮ್ ಚಿತ್ರಸಮಾಜವನ್ನು ನಡೆಸುತ್ತಿದ್ದರು. ಅದು ಹುಟ್ಟಿದ್ದು 1973ರಲ್ಲಿ. ಅಡಿಕೆ ತೋಟಗಳ ನಡುವಿನ ಆ ಹಳ್ಳಿಯ ಜನ 'ಪಥೇರ್ ಪಾಂಚಾಲಿ'ಯನ್ನೂ, ಜಪಾನಿನ 'ರಾಶೋಮನ್' ಅನ್ನೂ ಕುಳಿತು ನೋಡಿದರು. ಭಾಷೆ ಬಾರದ ಚಿತ್ರವನ್ನು ಮಾತಿನಿಂದ ಅಳೆಯಲಾಗದು, ಕಣ್ಣನ್ನೇ ನಂಬಬೇಕಾಗುತ್ತದೆ. ಯಾರು ಎಲ್ಲಿ ನಿಂತಿದ್ದಾರೆ, ಬೆಳಕು ಯಾವ ಕಡೆಯಿಂದ ಬರುತ್ತಿದೆ, ದೃಶ್ಯ ಕತ್ತರಿಸಿದ್ದು ಯಾವ ಗಳಿಗೆಯಲ್ಲಿ ಎಂಬುದನ್ನೆಲ್ಲ ನೋಡಿ, ಆಮೇಲೆ ತಾನೇ ಅಭಿಪ್ರಾಯ? ಪದವಿಯುಳ್ಳ ನಾನು ಈ ಕ್ರಮವನ್ನು ತಲೆಕೆಳಗು ಮಾಡಿದ್ದೆ.

ಈಗ ನನ್ನ ರೂಢಿ ಹೀಗಿದೆ. ಮೊದಲ ಸಲ ನೋಡುವಾಗ ಕೈಯಲ್ಲಿ ಲೇಖನಿ ಇರಬಾರದು. ಎರಡನೆಯ ಸಲ, ಸಾಧ್ಯವಾದರೆ, ಕೆಲ ಹೊತ್ತು ಕಣ್ಣು ಮುಚ್ಚಿ ಶಬ್ದವನ್ನಷ್ಟೇ ಕೇಳಬೇಕು. ಕಥಾಸಾರಕ್ಕೆ ನಾಲ್ಕು ಸಾಲು ಸಾಕು. ಒಂದು ದೃಶ್ಯವನ್ನಾದರೂ, ನೋಡದವನಿಗೂ ಕಾಣುವಂತೆ, ಬರೆಯದೆ ತೀರ್ಪಿಗೆ ಕೈಹಾಕಬಾರದು. ಮೂಲಕೃತಿಯನ್ನು ಮರೆಯಬೇಕೆಂದಲ್ಲ, ಅದು ಅಳತೆಗೋಲಾಗದೆ ನೆರೆಮನೆಯಂತೆ ಇದ್ದರೆ ಸಾಕು.

2024ರಲ್ಲಿ 'ಘಟಶ್ರಾದ್ಧ'ದ ದುರಸ್ತಿಗೊಂಡ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತೆಂಬ ಸುದ್ದಿ ಓದಿ, ಪೆಟ್ಟಿಗೆಯಿಂದ ನನ್ನ ಹಳೆಯ ಲೇಖನವನ್ನು ಹೊರತೆಗೆದೆ. ಚಿತ್ರದ ಕೊನೆಯಲ್ಲಿ ತಂದೆಯೊಡನೆ ಊರು ಬಿಟ್ಟು ಹೊರಟ ನಾಣಿಗೆ ತಲೆ ಬೋಳಿಸಿಕೊಂಡ ಯಮುನಕ್ಕ ಮರದಡಿ ಕುಳಿತದ್ದು ಕಾಣುತ್ತದೆ. ಅಂದು ಹುಬ್ಬಳ್ಳಿಯಿಂದ ಮರಳುವಾಗ ಬಸ್ಸಿನಲ್ಲಿ ಕಾಕಾ ದಾರಿಯುದ್ದಕ್ಕೂ ಆಡಿದ್ದು ಅದೊಂದನ್ನೇ. ಎರಡು ಅಂಕಣದ ನನ್ನ ಲೇಖನದಲ್ಲಿ ಆ ಮರದ ಸುದ್ದಿಯೇ ಇಲ್ಲ.