ಮಣ್ಣುಮುಕ್ಕನ ವಂಶಾವಳಿ

ಕೋಲಾರದ ನೆಲದಡಿ ಚಿನ್ನವಿದೆಯೆಂದು ನಂಬಿ ನಿವೃತ್ತ ಸೈನಿಕ ಲವೆಲ್ ಇತ್ತ ಬಂದದ್ದು 1871ರಲ್ಲಿ. ಇದೇ ನೆಲದೊಳಗೆ ನುಸುಳಿ ಬದುಕುವ ಮಣ್ಣುಮುಕ್ಕ ಹಾವಿಗೆ ಅಷ್ಟು ಹೊತ್ತಿಗೆ ವಿಜ್ಞಾನ ಹೆಸರಿಟ್ಟು 70 ವರ್ಷ ಕಳೆದಿತ್ತು.

ಆ ಹೆಸರಿನ ಮೂಲ ತಮಿಳುನಾಡಿನ ತರಂಗಂಬಾಡಿ. ಅಲ್ಲಿನ ಡೇನಿಶ್ ವಸಾಹತಿನಲ್ಲಿ ಕ್ರಿಸ್ಟೋಫ್ ಸ್ಯಾಮ್ಯುಯೆಲ್ ಜಾನ್ ಎಂಬ ಪಾದ್ರಿಯಿದ್ದರು. ಕೋರಮಂಡಲ ತೀರದ ಹಾವುಗಳ ಬಗ್ಗೆ ಗ್ರಂಥ ಬರೆದ ವೈದ್ಯ ಪ್ಯಾಟ್ರಿಕ್ ರಸೆಲ್, ಅವರ ಗೌರವಾರ್ಥ 1801ರಲ್ಲಿ ಈ ಹಾವನ್ನು ‘ಬೋವಾ ಜಾನಿ’ ಎಂದು ಕರೆದರು. ಅದೇ ವರ್ಷ ಜರ್ಮನಿಯ ಷ್ನೈಡರ್ ಇದರ ದಾಯಾದಿಗೆ ‘ಬೋವಾ ಕೋನಿಕಾ’ ಎಂದು ಹೆಸರಿಟ್ಟರು. ಇವುಗಳ ‘ಎರಿಕ್ಸ್’ ಕುಲ ಹುಟ್ಟಿದ್ದು 1803ರಲ್ಲಿ, ಫ್ರಾನ್ಸಿನ ದೋದ್ಯಾಂ ಕೈಯಲ್ಲಿ.

ಎರಡೂ ಒಣ ಬಯಲುಸೀಮೆಯ ಹಾವುಗಳು. ಬಂಗಾರಪೇಟೆ, ಕೆಜಿಎಫ್ ಸುತ್ತಲಿನ ಸಡಿಲ ಕೆಮ್ಮಣ್ಣು ಇಂಥವಕ್ಕೆ ಹೇಳಿಮಾಡಿಸಿದ್ದು. ಮಣ್ಣುಮುಕ್ಕನ ಮೂತಿ ಮಣ್ಣು ಸೀಳಲು ಗುದ್ದಲಿಯಂತಿದೆ, ಕಣ್ಣು ಪುಟ್ಟದು, ಬಾಲ ಮೊಂಡು. ಕೆಣಕಿದರೆ ತಲೆಯನ್ನು ಸುರುಳಿಯೊಳಗೆ ಅಡಗಿಸಿ ಬಾಲವನ್ನು ಮೇಲೆತ್ತುತ್ತದೆ. ಹಾಗಾಗಿಯೇ ಊರವರ ಬಾಯಲ್ಲಿ ಅದು ಎರಡು ತಲೆ ಹಾವು. ದಾಯಾದಿಯದು ಬೇರೆ ಕಷ್ಟ: ಮೈಮೇಲಿನ ಮಚ್ಚೆ ಕಂಡು ಜನ ಕೊಳಕುಮಂಡಲವೆಂದು ಬಡಿದುಹಾಕುತ್ತಾರೆ. ಎರಡಕ್ಕೂ ವಿಷವಿಲ್ಲ.

ಇವುಗಳನ್ನು ಯಾವ ಮನೆತನಕ್ಕೆ ಸೇರಿಸಬೇಕೆಂಬ ತಕರಾರು ಮಾತ್ರ ಇನ್ನೂರು ವರ್ಷ ಎಳೆಯಿತು. ಬಿಲ ತೋಡುವ ಮೊಂಡುಬಾಲದ ಹಾವುಗಳೆಲ್ಲ ಒಂದೇ ಎಂದು ಭಾವಿಸಿ ಉತ್ತರ ಅಮೆರಿಕದ ರಬ್ಬರ್ ಬೋವಾ, ಆಫ್ರಿಕಾದ ಕಲಬಾರಿಯಾಗಳನ್ನೂ ಇವುಗಳ ಜೊತೆ ಸೇರಿಸಿದ್ದರು. ಡಿಎನ್‌ಎ ಪರೀಕ್ಷೆ ಆ ಹೋಲಿಕೆ ನಂಟಲ್ಲ, ಒಂದೇ ಬಗೆಯ ಬದುಕು ತಂದ ರೂಪವೆಂದು ತೋರಿಸಿತು. 2014ರಲ್ಲಿ ಪೈರನ್, ರೆನಾಲ್ಡ್ಸ್, ಬರ್‌ಬ್ರಿಂಕ್ ಅವುಗಳನ್ನು ಬೇರ್ಪಡಿಸಿದ ಮೇಲೆ ಎರಿಸಿಡೇ ಕುಟುಂಬದಲ್ಲಿ ಉಳಿದದ್ದು ಎರಿಕ್ಸ್ ಕುಲವೊಂದೇ. ಪ್ರಭೇದಗಳು ಡಜನ್‌ನಷ್ಟಿದ್ದರೂ ಹರವು ದೊಡ್ಡದು: ಆಫ್ರಿಕಾ, ಆಗ್ನೇಯ ಯುರೋಪ್, ಅರೇಬಿಯಾ, ಮಧ್ಯ ಏಷ್ಯಾ ದಾಟಿ ಶ್ರೀಲಂಕಾದವರೆಗೆ. 1991ರಲ್ಲಿ ಇಂದ್ರನೀಲ್ ದಾಸ್ ವಿವರಿಸಿದ ವಿಟೇಕರ್ ಮಣ್ಣುಹಾವು ಪಶ್ಚಿಮ ಕರಾವಳಿಯದು. ಅದೂ ಸೇರಿ ಕರ್ನಾಟಕದಲ್ಲಿ ಮೂರಿವೆ.

ಕೆಜಿಎಫ್ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಮಣ್ಣುಮುಕ್ಕನ ಬೇಟೆ ನಿಂತಿಲ್ಲ. ಅದೃಷ್ಟ, ನಿಧಿ, ಔಷಧಿಯ ಹೆಸರಿನಲ್ಲಿ, ತೂಕ ಹೆಚ್ಚಿದಷ್ಟೂ ಬೆಲೆ ಹೆಚ್ಚೆಂಬ ಸುಳ್ಳನ್ನು ನಂಬಿಸಿ, ರಾಜ್ಯದ ಹಲವೆಡೆ ಇದನ್ನು ಲಕ್ಷಗಟ್ಟಲೆಗೆ ಮಾರಲು ಹೊರಟವರು ಸಿಕ್ಕಿಬಿದ್ದಿದ್ದಾರೆ. ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಒಂದೊಂದು ಹಾವು ಕಳೆದುಹೋದಾಗಲೂ ರಾಗಿ ಹೊಲದ ಇಲಿಗಳನ್ನು ಹಿಡಿಯುವ ಒಂದು ಜೀವ ರೈತನ ಕೈಬಿಡುತ್ತದೆ.